ಇಂಜಿನ್‌ಗೊಂದು ಪತ್ರ: ಬಾಸ್ ಮೀನು ಹಿಡಿಯಲು ಯಾವ ರಾಡ್, ಯಾವ ದಾರ

ಲೇ ಇಂಜಿನ್,

ವಾಟ್ಸಾಪ್‌ನಲ್ಲಿ ಬರೆದರೆ ನೀನು ಎರಡು ನೀಲಿ ಟಿಕ್ ಬಿಟ್ಟು ಮಲಗಿಬಿಡುತ್ತೀಯ. ಅದಕ್ಕೇ ಇಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ. ಓದುವವರು ಓದಲಿ. ಅಮೆರಿಕದ ಅಟ್ಲಾಂಟಾದಲ್ಲಿ ಕೂತವನೊಬ್ಬ ಗಾಳ ಹಾಕುವುದಕ್ಕೆ ಬಾಗಲಕೋಟೆಯವನ ಸಲಹೆ ಕೇಳಿದ ಅನ್ನೋದಕ್ಕೆ ನಾಳೆ ಸಾಕ್ಷಿ ಬೇಕಾಗುತ್ತದೆ. ವೈನಿಯವರೂ ಓದುತ್ತಾರೆ ಅಂತ ಗೊತ್ತು. ವೈನಿ, ನಮಸ್ಕಾರ. ಇವನು ಖರ್ಚಿನ ಬಗ್ಗೆ ಏನು ಹೇಳಿದರೂ ನಂಬಬೇಡಿ. ಪಂಪ್‌ಸೆಟ್ ಪ್ರಕರಣ ನೆನಪಿದೆಯಲ್ಲ.

ನೀನು ಕಳಿಸಿದ ಅಂಗಡಿಯ ಫೋಟೋ ನೋಡಿದೆ. ಗೋಡೆ ತುಂಬ ರಾಡುಗಳು, ಅಗರಬತ್ತಿ ಅಂಗಡಿಯ ಹಾಗೆ. ಅದರ ಮುಂದೆ ನೀನು ಬಾಯಿ ತೆರೆದು ನಿಂತಿದ್ದೀಯ. ಆ ಮುಖ ನೋಡಿಯೇ ಅಂಗಡಿಯವನು ಮೂರು ರಾಡ್ ಕಟ್ಟಿಕೊಡುತ್ತಾನೆ. ಒಂದೇ ಸಾಕು.

ಮೊದಲೇ ಹೇಳಿಬಿಡುತ್ತೇನೆ, ನಾನು ಬಾಸ್ ಮೀನನ್ನು ಕೈಯಲ್ಲಿ ಹಿಡಿದವನಲ್ಲ. ಅದು ಉತ್ತರ ಅಮೆರಿಕದ ಮೀನು, ನಮ್ಮ ಕೃಷ್ಣೆಯದಲ್ಲ. ಆದರೆ ನಮ್ಮ ಕೊರವ ಮೀನಿಗೂ ನಿಮ್ಮ ಬಾಸಿಗೂ ಸ್ವಭಾವದಲ್ಲಿ ನೆಂಟಸ್ತಿಕೆ ಇದೆ. ಎರಡೂ ಊಟ ಹುಡುಕುತ್ತ ಊರೆಲ್ಲ ಅಲೆಯುವುದಿಲ್ಲ. ಕಳೆಯ ಮರೆಯಲ್ಲೋ ಬಿದ್ದ ಮರದ ಪಕ್ಕದಲ್ಲೋ ಸುಮ್ನೆ ನಿಂತಿರುತ್ತವೆ. ಎದುರಿಗೆ ಏನಾದರೂ ಹಾದರೆ ಒಂದೇ ಏಟು. ಅದಕ್ಕೇ ಇಲ್ಲಿ ಕೊರವನ ಹಿಂದೆ ಬಿದ್ದವರೆಲ್ಲ ಬಾಸ್ ರಾಡನ್ನೇ ತರಿಸುತ್ತಾರೆ. ನನ್ನ ಕೈಯಲ್ಲಿರುವುದೂ ಅದೇ. ಮೀನು ಬೇರೆ, ಕೋಲು ಒಂದೇ.

ಈಗ ರಾಡ್. ಸ್ಪಿನ್ನಿಂಗ್ ರಾಡ್ ತಗೋ. ಉದ್ದ ಆರೂವರೆಯಿಂದ ಏಳು ಅಡಿ. ಹಿಡಿಕೆಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಎರಡು ಮಾತು ಬರೆದಿರುತ್ತಾರೆ, ಪವರ್ ಮತ್ತು ಆ್ಯಕ್ಷನ್. ರಾಡ್ ಬಗ್ಗಿಸಲು ಎಷ್ಟು ಬಲ ಬೇಕು ಅನ್ನೋದು ಪವರ್. ಎಲ್ಲಿಂದ ಬಗ್ಗುತ್ತದೆ ಅನ್ನೋದು ಆ್ಯಕ್ಷನ್. ನಿನಗೆ ಬೇಕಾದದ್ದು ಮೀಡಿಯಂ ಪವರ್, ಫಾಸ್ಟ್ ಆ್ಯಕ್ಷನ್. ಅಂದರೆ ತುದಿಯ ಕಡೆ ಮಾತ್ರ ಬಾಗುತ್ತದೆ, ಕೆಳಗೆ ಗಟ್ಟಿ. ಮೀನು ಮುಟ್ಟಿದ್ದು ಬೇಗ ಗೊತ್ತಾಗುತ್ತದೆ, ಕೊಕ್ಕೆ ಚುಚ್ಚಲು ಬಲವೂ ಸಿಗುತ್ತದೆ. ಅಲ್ಲೇ ಪಕ್ಕದಲ್ಲಿ ಎಷ್ಟು ಪೌಂಡಿನ ದಾರ, ಎಷ್ಟು ಔನ್ಸಿನ ಎರೆ ಅಂತಲೂ ಇರುತ್ತದೆ. ಅದನ್ನು ಓದು. ನೀನು ಪರೀಕ್ಷೆಯಲ್ಲೂ ಪ್ರಶ್ನೆ ಓದದೆ ಉತ್ತರ ಬರೆದವನು, ಅದಕ್ಕೆ ಒತ್ತಿ ಹೇಳುತ್ತಿದ್ದೇನೆ.

ಪೂರ್ತಿ ಗ್ರಾಫೈಟ್ ರಾಡ್ ಹಗುರ, ಸೂಕ್ಷ್ಮ. ಆದರೆ ಕಾರಿನ ಬಾಗಿಲಿಗೆ ಸಿಕ್ಕರೆ ಚಟ್ ಅಂತ ಮುರಿಯುತ್ತದೆ. ನಿನ್ನ ಕೈಗೆ ಗ್ರಾಫೈಟ್ ಮತ್ತು ಫೈಬರ್‌ಗ್ಲಾಸ್ ಕೂಡಿಸಿದ್ದೇ ಸರಿ. ಅಗ್ಲಿ ಸ್ಟಿಕ್ ಅಂತ ಒಂದು ಬರುತ್ತದೆ. ಹೆಸರು ಕುರೂಪಿ, ಆದರೆ ಸುಲಭಕ್ಕೆ ಸಾಯುವುದಿಲ್ಲ. ರೀಲು, ಅಂದರೆ ದಾರ ಸುತ್ತುವ ಗಾಲಿ, 2500 ಸೈಜಿನ ಸ್ಪಿನ್ನಿಂಗ್ ರೀಲು. ಎರಡೂ ಜೋಡಿಯಾಗಿ ಸಿಗುತ್ತವೆ, ಜೋಡಿಯೇ ತಗೋ.

ಆ ವಿಡಿಯೋಗಳಲ್ಲಿ ಟೋಪಿ ಹಾಕಿದ ಗಂಡಸರು ಬಳಸುವ ಬೇಟ್‌ಕಾಸ್ಟರ್ ರೀಲು ಬೇಡ. ಅದರಲ್ಲಿ ಎಸೆದಾಗ ದಾರ ಸುತ್ತಿದ ಸ್ಪೂಲೇ ತಿರುಗುತ್ತದೆ, ಹೆಬ್ಬೆರಳಲ್ಲಿ ಸರಿಯಾದ ಹೊತ್ತಿಗೆ ತಡೆಯಬೇಕು. ತಡೆಯದಿದ್ದರೆ ದಾರವೆಲ್ಲ ಗುಬ್ಬಿಗೂಡು. ಆಮೇಲೆ ಮೀನು ಹಿಡಿಯುವುದಲ್ಲ, ಸಂಜೆಯವರೆಗೂ ಗಂಟು ಬಿಡಿಸುವುದು.

ದಾರದ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಎಲ್ಲರೂ ರಾಡಿಗೆ ದುಡ್ಡು ಸುರಿದು ದಾರದಲ್ಲಿ ಜಿಪುಣತನ ಮಾಡುತ್ತಾರೆ. ಮೀನಿಗೂ ನಿನಗೂ ನಡುವೆ ಇರುವುದು ಅದೊಂದೇ ಅಲ್ವಾ?

ಮೂರು ಜಾತಿ. ಮೊದಲನೆಯದು ಮೊನೊ, ಅಂದರೆ ಒಂಟಿ ಎಳೆಯ ನೈಲಾನ್. ನಾವು ಚಿಕ್ಕವರಿದ್ದಾಗ ಬೆಂಡು ಕಟ್ಟಿ ಗೋಧಿಹಿಟ್ಟಿನ ಉಂಡೆ ಸಿಕ್ಕಿಸುತ್ತಿದ್ದ ತಂಗೂಸ್ ದಾರದ ಓದಿದ ತಮ್ಮ. ಅದು ಹಿಗ್ಗುತ್ತದೆ. ಹಿಗ್ಗುವುದರಿಂದ ನೀನು ಗಾಬರಿಯಾಗಿ ಜೋರಾಗಿ ಎಳೆದರೂ ಮೀನಿನ ಬಾಯಿ ಹರಿಯುವುದಿಲ್ಲ, ದಾರವೂ ತುಂಡಾಗುವುದಿಲ್ಲ. ಗಂಟು ಸುಲಭ, ಬೆಲೆ ಕಡಿಮೆ. ಆದರೆ ಬಿಸಿಲಿಗೆ ಸವೆಯುತ್ತದೆ, ಸ್ಪೂಲಿನಲ್ಲಿ ಕೂತು ಕೂತು ಸುರುಳಿಯ ಚಟ ಹಿಡಿಯುತ್ತದೆ. ಎರಡನೆಯದು ಫ್ಲೋರೋಕಾರ್ಬನ್. ನೀರಿನಲ್ಲಿ ಮುಳುಗುತ್ತದೆ, ಮೀನಿನ ಕಣ್ಣಿಗೆ ಕಾಣುವುದು ಕಡಿಮೆ. ಬಿರುಸು ಸ್ವಭಾವ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡದಿದ್ದರೆ ಅಲ್ಲೇ ಸುಟ್ಟು ಬಲ ಕಳೆದುಕೊಳ್ಳುತ್ತದೆ. ಮೂರನೆಯದು ಬ್ರೇಡ್, ಹೆಣೆದ ದಾರ. ಕೂದಲಿನಷ್ಟು ತೆಳು, ಎತ್ತಿನಷ್ಟು ಬಲ. ಹಿಗ್ಗುವುದೇ ಇಲ್ಲ. ದೂರದಲ್ಲಿ ಮೀನು ಮೂಗು ತಾಗಿಸಿದರೂ ಇಲ್ಲಿ ಬೆರಳಿಗೆ ಗೊತ್ತಾಗುತ್ತದೆ. ಬರೀ ಬ್ರೇಡನ್ನೇ ಸ್ಪೂಲಿಗೆ ಸುತ್ತಬೇಡ, ಜಾರಿ ಸುಮ್ನೆ ಸುತ್ತುತ್ತಿರುತ್ತದೆ. ಕೆಳಗೆ ಸ್ವಲ್ಪ ಮೊನೊ ಸುತ್ತಿ ಅದರ ಮೇಲೆ ಹಾಕು.

ನಿನಗೆ ಮೊದಲ ವರ್ಷ 8 ಪೌಂಡಿನ ಮೊನೊ. 8 ಪೌಂಡ್ ಅಂದರೆ ಸುಮಾರು 3.6 ಕಿಲೋ ಎಳೆತ ತಡೆಯುವ ದಾರ. ಇಷ್ಟೇ ಸಾಕಾ ಅಂತ ಕೇಳಬೇಡ. ಹೆಚ್ಚಿನ ಬಾಸ್ ಒಂದೆರಡು ಕಿಲೋದೊಳಗೇ ಇರುತ್ತವೆ. ಅದಕ್ಕಿಂತ ದೊಡ್ಡದು ಬಂದರೆ ಕಾಪಾಡಲು ರೀಲಿನಲ್ಲಿ ಡ್ರ್ಯಾಗ್ ಅನ್ನುವ ಬ್ರೇಕ್ ಇದೆ. ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಎಳೆತಕ್ಕೆ ದಾರ ಬಿಚ್ಚಿಕೊಳ್ಳುವ ಹಾಗೆ ಅದನ್ನು ಹೊಂದಿಸಿಡು. ಎಳೆದರೆ ಕೊಡಬೇಕು, ನಿಂತರೆ ಸುತ್ತಬೇಕು. ಮದುವೆಯಾಗಿ ಇಷ್ಟು ವರ್ಷವಾಗಿದೆ, ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ರಾಜ್ಯದ್ದೇ ಒಂದು ದಾಖಲೆ ಇದೆ, ಗೊತ್ತಾ? 1932ರ ಜೂನ್ 2ರಂದು ಜಾರ್ಜ್ ಪೆರ್ರಿ ಅನ್ನುವವನು ಜಾರ್ಜಿಯಾದ ಮಾಂಟ್ಗೊಮೆರಿ ಲೇಕ್‌ನಲ್ಲಿ 22 ಪೌಂಡ್ 4 ಔನ್ಸಿನ ಬಾಸ್ ಹಿಡಿದ. ಹತ್ತು ಕಿಲೋ! 2009ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದದ್ದು ಅದಕ್ಕೆ ಸರಿಸಮ ಅಂತ ಒಪ್ಪಿದರು. ಅಂದರೆ ಇಷ್ಟು ವರ್ಷವಾದರೂ ಪೆರ್ರಿಯನ್ನು ಯಾರೂ ಪೂರ್ತಿ ಕೆಳಗಿಳಿಸಿಲ್ಲ. ನೀನು ಆ ಯೋಚನೆ ಬಿಡು. ಮೊದಲು ಲೈಸೆನ್ಸ್ ತೆಗೆಸು. ಜಾರ್ಜಿಯಾದಲ್ಲಿ 16 ತುಂಬಿದವರಿಗೆ ಅದು ಬೇಕೇ ಬೇಕು.

ಇನ್ನು ಎಲ್ಲಿ ಎಸೆಯುವುದು. ಲೇಕ್ ಲೇನಿಯರ್ ಮನೆಗೆ ಹತ್ತಿರ ಅಂದೆ. ಅದರ ಬಗ್ಗೆ ಓದಿದೆ. ಅಲ್ಲಿ ಸ್ಪಾಟೆಡ್ ಬಾಸ್ ಜಾಸ್ತಿ. ನೀರು ಆಳ, ತಿಳಿ. ತಿಳಿ ನೀರಿಗೆ ದಪ್ಪ ದಾರ ಆಗದು. ಕೈ ಕುದುರಿದ ಮೇಲೆ 10 ಪೌಂಡ್ ಬ್ರೇಡಿನ ತುದಿಗೆ ಒಂದಾಳುದ್ದ ಫ್ಲೋರೋಕಾರ್ಬನ್ ಕಟ್ಟಿಕೋ. ಒಡ್ಡಿನಿಂದಲೋ ದೋಣಿಗಟ್ಟೆಯಿಂದಲೋ ಬಯಲು ನೀರಿಗೆ ಎಸೆದು ಕೂತರೆ ಏನೂ ಸಿಗದು. ಕೆಳಗೆ ಏನಿದೆ ಅನ್ನೋದು ಗೊತ್ತಿರಬೇಕು. ಆ ಕೆರೆಯೊಳಗೆ ನಿಂತಲ್ಲೇ ಮುಳುಗಿದ ಮರಗಳಿವೆಯಂತೆ. 1950ರ ದಶಕದಲ್ಲಿ ಬ್ಯೂಫರ್ಡ್ ಅಣೆಕಟ್ಟು ಕಟ್ಟಿ ಚಟ್ಟಹೂಚೀ ನದಿ ನಿಲ್ಲಿಸಿದಾಗ ಹೊಲ, ರಸ್ತೆ, ಮನೆ ಬಿಟ್ಟು ಜನ ಎದ್ದು ಹೋದರು. ಮೀನು ಈಗ ಅಲ್ಲೇ ಇರುವುದು. ಹಳೇ ರಸ್ತೆಯ ಅಂಚು, ಮರದ ಬುಡ, ಹಳ್ಳದ ತಿರುವು.

ಇದನ್ನು ಓದುತ್ತಾ ನಗು ಬಂತು. ನಿನ್ನದೂ ಮುಳುಗಡೆ ಕೆರೆಯೇ! ನಿಮ್ಮವರು ಕವಿ ಸಿಡ್ನಿ ಲೇನಿಯರ್ ಹೆಸರಿಟ್ಟರು, ನಮ್ಮವರು ಆಲಮಟ್ಟಿ ಅಣೆಕಟ್ಟಿನ ನೀರಿಗೆ 1964ರಲ್ಲಿ ಅದರ ಅಡಿಗಲ್ಲು ಹಾಕಿದ ಲಾಲ್ ಬಹದ್ದೂರ್ ಶಾಸ್ತ್ರಿಗಳ ಹೆಸರಿಟ್ಟರು. ಬಾಗಲಕೋಟೆ ಬಿಟ್ಟು ಅಷ್ಟು ದೂರ ಹೋಗಿ ಮತ್ತೆ ಹಿನ್ನೀರಿನ ದಂಡೆಗೇ ಬಂದು ಕೂತಿದ್ದೀಯಲ್ಲೋ.

ಈ ಮಾತು ಇಲ್ಲಿಗೇ ಬಿಡಬೇಕಿತ್ತು. ಬಿಡಲಾಗುತ್ತಿಲ್ಲ.

ಇಲ್ಲಿ ಹೊಸ ಹುಡುಗರ ಗುಂಪೊಂದು ಗಾಳ ಹಾಕಲು ಬರುತ್ತದೆ. ಎಲ್ಲರ ಬಳಿ ನನಗಿಂತ ಒಳ್ಳೆ ರಾಡ್. ಮೊನ್ನೆ ಅವರಲ್ಲೊಬ್ಬ ಕೇಳಿದ, "ಅಣ್ಣಾ, ಇಷ್ಟು ದೊಡ್ಡ ನೀರಿನಲ್ಲಿ ಕೊರವ ಅಲ್ಲೇ ಇದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ?" ಅನುಭವ ಕಣೋ ಅಂದೆ. ದೊಡ್ಡ ಮನುಷ್ಯನ ಹಾಗೆ ನೀರು ನೋಡಿದೆ. ಅನುಭವ ಅಲ್ಲ, ಮಣ್ಣೂ ಅಲ್ಲ. ನಾನು ಗಾಳದ ರಬ್ಬರ್ ಕಪ್ಪೆ ಎಸೆದದ್ದು ಮುಳುಗಿದ ನಿಮ್ಮ ಹಿತ್ತಲಿಗೆ. ಊರು ಬಿಡುವಾಗ ಬಾಗಿಲು, ಕಿಟಕಿ, ತೊಲೆ ಎಲ್ಲ ಕಿತ್ತು ಟ್ರ್ಯಾಕ್ಟರಿಗೆ ಹಾಕಿ ನವನಗರಕ್ಕೆ ಒಯ್ದೆವಲ್ಲ. ಗೋಡೆ, ಕಟ್ಟೆ, ಬೇವಿನ ಬುಡ ಉಳಿದವು. ಘಟಪ್ರಭೆಯ ಹಿನ್ನೀರು ಏರಿದಾಗ ದಂಡೆಯ ಹತ್ತಿರದ ಆ ಗೋಡೆಗಳ ಮಗ್ಗುಲಲ್ಲಿ ಕಳೆ ಬೆಳೆಯುತ್ತದೆ. ಮೀನು ಅಲ್ಲಿ ನಿಲ್ಲುತ್ತದೆ. ಓಣಿಯ ನಕ್ಷೆ ತಲೆಯಲ್ಲಿದ್ದವನಿಗೆ ಮೀನಿನ ನಕ್ಷೆ ಬೇಕಿಲ್ಲ. ನಾನು 40 ಪೌಂಡಿನ ಬ್ರೇಡ್ ಬಳಸುವುದು ಮೀನಿನ ಬಲಕ್ಕಲ್ಲ. ಗೋಡೆಗೆ ಉಜ್ಜಿದರೆ, ಜಾಲಿಗೆ ಸಿಕ್ಕರೆ, ತುಂಡಾಗಬಾರದು ಅಂತ.

ಬೇಸಿಗೆಯಲ್ಲಿ ನೀರು ಇಳಿದಾಗ ಅಡಿಪಾಯಗಳು ಮೇಲೆ ಬರುತ್ತವೆ. ಅಪ್ಪ ಹೋಗೋಣ ಅನ್ನುತ್ತಾನೆ. ಕರೆದುಕೊಂಡು ಹೋಗುತ್ತೇನೆ. ಅವನು ಇದು ಪಡಸಾಲೆ, ಇದು ದನದ ಕೊಟ್ಟಿಗೆ ಅಂತ ಕೋಲು ಊರಿ ಊರಿ ತೋರಿಸುತ್ತಾನೆ. ಕಣ್ಣು ಒರೆಸಿಕೊಳ್ಳುತ್ತಾನೆ. ನಾನು ಹೂಂ ಅನ್ನುತ್ತಾ ಪಕ್ಕದಲ್ಲಿ ನಿಂತಿರುತ್ತೇನೆ. ಈ ಸಲ ನನ್ನ ತಲೆಯಲ್ಲಿ ಏನು ಓಡುತ್ತಿತ್ತು ಅಂತ ನಾನೇ ಗಮನಿಸಿದೆ. ಕೊಟ್ಟಿಗೆಯ ಮೂಲೆ ಕುಸಿದು ತಗ್ಗಾಗಿದೆ, ನೀರು ಬಂದರೆ ಇಲ್ಲಿ ಒಳ್ಳೆ ಕೊರವ ಕೂರುತ್ತದೆ. ಅಪ್ಪ ಮನೆ ನೋಡುತ್ತಿದ್ದ, ನಾನು ಜಾಗ ನೋಡುತ್ತಿದ್ದೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಕಡೆ ಯಾವಾಗ ಮಳೆ ಶುರುವಾಗುತ್ತದೋ, ಇದೆಲ್ಲ ಯಾವಾಗ ಮುಚ್ಚಿಹೋಗುತ್ತದೋ ಅಂತ ಕಾಯುತ್ತಿದ್ದೆ.

ನಮ್ಮ ಪಾನ್ ಅಂಗಡಿ ಕಟ್ಟೆಯಲ್ಲಿ ನನ್ನ ಭಾಷಣ ನೀನು ಕೇಳಿದ್ದೀಯ. ಮುಳುಗಡೆ, ನ್ಯಾಯ, ಪರಿಹಾರ. ಈಗ ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಮತ್ತೆ ಬಿಸಿಯಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ ಅಂತ ತೀರ್ಮಾನಿಸಿತು. ಇನ್ನೂ ಎಷ್ಟೋ ಊರುಗಳ ಜನ ಗಂಟುಮೂಟೆ ಕಟ್ಟಬೇಕು. ಕಟ್ಟೆಯ ಮೇಲೆ ನಾನು ಎಲ್ಲರಿಗಿಂತ ಜೋರಾಗಿ ಮಾತಾಡುತ್ತೇನೆ. ಮನೆಗೆ ಬಂದು ಮಲಗಿದ ಮೇಲೆ ಇನ್ನೊಂದು ಲೆಕ್ಕ ಶುರುವಾಗುತ್ತದೆ. ನೀರು ಅಷ್ಟು ಏರಿದರೆ ಹೊಸ ದಂಡೆ ಎಲ್ಲಿ ಬರುತ್ತದೆ? ಯಾರ ಕಬ್ಬಿನ ಗದ್ದೆ ಕಳೆ ತುಂಬಿದ ಕೊಲ್ಲಿಯಾಗುತ್ತದೆ? ಯಾರದೋ ಮನೆಯನ್ನು ನಾನು ಈಗಲೇ ಮೀನಿನ ಮನೆ ಮಾಡಿಬಿಟ್ಟಿರುತ್ತೇನೆ. ಲೇ, ನನಗೆ ಹಳೇ ಊರು ವಾಪಸ್ ಬೇಡ ಅನ್ನಿಸುತ್ತದೆ. ಆ ಓಣಿ ಕೊಟ್ಟು ನೀರು ತಗೋತೀಯಾ ಅಂದರೆ ನೀರೇ ಇರಲಿ ಅಂತೇನೋ ಏನೋ. ಅಲ್ಲಿದ್ದಾಗ ನಾವು ಅಷ್ಟೇನೂ ಸುಖವಾಗಿರಲಿಲ್ಲ. ನಮ್ಮ ಮನೆಯೊಳಗೆ ಏನು ನಡೆಯುತ್ತಿತ್ತು ಅಂತ ನಿನಗೆ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಆ ಗೋಡೆಗಳು ನೀರಿನ ಕೆಳಗೇ ಇರಲಿ. ಅಪ್ಪ ಅತ್ತಾಗ ನನಗೆ ಅಳು ಬರದಿರುವುದಕ್ಕೆ ಅದೇ ಕಾರಣ ಇರಬಹುದು. ಇದನ್ನು ಅಪ್ಪನಿಗೆ ಹೇಗೆ ಹೇಳಲಿ?

ಹೇಳುವುದಿಲ್ಲ ಬಿಡು. ಅವನ ಫೋನಿನಲ್ಲಿ ಕರೆ ಮಾತ್ರ ಬರುತ್ತದೆ, ಪುಣ್ಯ. ನಿನ್ನ ತಮ್ಮ ಓದಿ ಊರೆಲ್ಲ ಹೇಳಿದರೆ, ಇದೆಲ್ಲ ಸಾಹಿತ್ಯ, ಕಲ್ಪನೆ ಅಂತ ನೀನೇ ಸಾಕ್ಷಿ ಹೇಳಬೇಕು. ಎರಡು ಮಾತು ದಾರದ ಬಗ್ಗೆ ಬರೆಯೋಣ ಅಂತ ಕೂತವನು ಎಲ್ಲಿಗೆ ಬಂದೆ ನೋಡು. ನಮ್ಮಾಕೆ ಬಾಗಿಲಲ್ಲಿ ನಿಂತು, ಮೀನಿನ ಬಗ್ಗೆ ಇಷ್ಟುದ್ದ ಬರೆಯುವವರು ಸಿಲಿಂಡರ್ ಬುಕ್ ಮಾಡಲು ಯಾಕೆ ಮರೆಯುತ್ತೀರಿ ಅಂತ ಕೇಳುತ್ತಿದ್ದಾಳೆ. ಈ ಪ್ರಶ್ನೆಗೂ ಅನುಭವ ಅಂತ ಹೇಳಲು ಬರುವುದಿಲ್ಲ.

ಮರೆತಿದ್ದೆ. ಎಸೆದ ಮೇಲೆ ರೀಲಿನ ಬೇಲ್ ಅನ್ನು, ಆ ತಂತಿಯ ಕಮಾನನ್ನು, ಕೈಯಿಂದಲೇ ಮುಚ್ಚು, ದಾರ ತಿರುಚುವುದು ಕಡಿಮೆಯಾಗುತ್ತದೆ. ಸ್ಪೂಲಿನ ಅಂಚಿಗಿಂತ ಮೂರು ಮಿಲಿಮೀಟರ್ ಕಡಿಮೆ ತುಂಬಿಸು. ಮೊದಲೊಂದಷ್ಟು ದಿನ ಕೊಕ್ಕೆ ಇಲ್ಲದೆ ಒಂದು ರಬ್ಬರ್ ತುಂಡು ಕಟ್ಟಿ ಹಿತ್ತಲ ಹುಲ್ಲಿನ ಮೇಲೆ ಎಸೆದು ಅಭ್ಯಾಸ ಮಾಡು. ಪಕ್ಕದ ಮನೆಯವರ ನಾಯಿ ನೋಡಿಕೋ. ಊರಿಗೆ ಬರುವಾಗ ನನಗೆ 2500 ಸೈಜಿನ ಒಂದು ರೀಲು ತಾ, ದುಡ್ಡು ಕೊಡುತ್ತೇನೆ. ಪಂಪ್‌ಸೆಟ್ ಪ್ರಕರಣದಲ್ಲಿ ಕೊಟ್ಟ ಹಾಗೆ ಅಲ್ಲ, ನಿಜವಾಗಿ ಕೊಡುತ್ತೇನೆ.

ಮೊದಲ ಮೀನಿನ ಫೋಟೋ ಕಳಿಸು. ಕೈ ಮುಂದಕ್ಕೆ ಚಾಚಿ ಹಿಡಿದು ದೊಡ್ಡದು ಮಾಡುವುದು ಬೇಡ, ಪಕ್ಕದಲ್ಲಿ ಅಳತೆಪಟ್ಟಿ ಇಡು. ನಿನ್ನ ಇಂಚು ಎಷ್ಟುದ್ದ ಅಂತ ಇಡೀ ಓಣಿಗೆ ಗೊತ್ತು.

ನಿನ್ನ,
ಬೆಂಡು
ನವನಗರ, ಬಾಗಲಕೋಟೆ