ಧ್ರುವ ವಿಜ್ಞಾನದ ಅವಕಾಶಗಳು: ಭಾನುವಾರದ ಮಾತುಕತೆ

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 10.30ಕ್ಕೆ ವಿಡಿಯೊ ಕರೆಯಲ್ಲಿ ಧ್ರುವ ಹಾಗೂ ಹವಾಮಾನ ವಿಜ್ಞಾನದ ಓದು, ಉದ್ಯೋಗದ ಬಗ್ಗೆ ಮಾತನಾಡೋಣ. ಬಿ.ಎಸ್ಸಿ. ಕೊನೆಯ ವರ್ಷದವರು, ಎಂ.ಎಸ್ಸಿ. ಓದುತ್ತಿರುವವರು ತಪ್ಪಿಸಬೇಡಿ. ಐಟಿಐ, ಡಿಪ್ಲೊಮಾ ಮುಗಿಸಿದವರೂ ಬನ್ನಿ: ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ನೆಲೆಗಳಾದ ಮೈತ್ರಿ, ಭಾರತಿಗಳಿಗೆ ವಿಜ್ಞಾನಿಗಳಷ್ಟೇ ಅಲ್ಲ, ವೈದ್ಯರು, ಎಲೆಕ್ಟ್ರೀಷಿಯನ್‌ಗಳು, ಮೆಕ್ಯಾನಿಕ್‌ಗಳು, ಅಡುಗೆಯವರೂ ಹೋಗುತ್ತಾರೆ. (ಆ ಚಳಿಯಲ್ಲಿ ಬಿಸಿ ಸಾರು ಬಡಿಸುವವರೇ ದೊಡ್ಡವರು ಎಂಬುದು ನನ್ನ ಅಭಿಪ್ರಾಯ!)

ಈ ಯಾತ್ರೆಗಳನ್ನು ನಡೆಸುವುದು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಅದರ ಜಾಲತಾಣದ ನೇಮಕಾತಿ ಪುಟವನ್ನು ಮೊದಲೇ ಓದಿಕೊಂಡು ಬನ್ನಿ. ಹವಾಮಾನದ ಸಂಶೋಧನೆಗಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇದೆ.

ಬರುವವರು ಶುಕ್ರವಾರದೊಳಗೆ ಹೆಸರು, ಓದಿದ ವಿಷಯ, ಒಂದು ಪ್ರಶ್ನೆಯನ್ನು ಇಲ್ಲೇ ಬರೆಯಿರಿ. ಬರೀ ಹೆಬ್ಬೆರಳಿನ ಚಿತ್ರ ಒತ್ತಿದರೆ ಲೆಕ್ಕಕ್ಕಿಲ್ಲ.