ಸಲಹೆ ಸಾಕು, ಎರಡು ಗಂಟೆ ಬಂದು ಕೂತ್ಕೊಳ್ಳಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಮಾನಸಿಕ ಕಾಯಿಲೆ ಇರುವವರನ್ನು ನೋಡಿಕೊಳ್ಳುವ ಮನೆಯವರಿಗೆ ಅಂತ ಒಂದಷ್ಟು ಸಲಹೆ ಬಂದಿತ್ತು. ಬೆಳಗ್ಗೆ ಮುಕ್ಕಾಲು ಗಂಟೆ ವಾಕಿಂಗ್, ಪ್ರಾಣಾಯಾಮ, ರಾತ್ರಿ ಎಂಟು ಗಂಟೆ ನಿದ್ದೆ, ಆಗಾಗ ಸ್ನೇಹಿತರ ಭೇಟಿ, ಇಷ್ಟದ ಹವ್ಯಾಸ. ತಪ್ಪೇನಿಲ್ಲ, ಎಲ್ಲಾ ಒಳ್ಳೆಯದೇ. ಆದರೆ ಓದುತ್ತಾ ಓದುತ್ತಾ ನನಗೆ ಬಂದ ಪ್ರಶ್ನೆ ಒಂದೇ. ನಾವು ವಾಕಿಂಗ್ ಹೋದಾಗ ಮನೆಯಲ್ಲಿ ಯಾರಿರ್ತಾರೆ?

ಅದಕ್ಕೆ ಆ ಪುಟದಲ್ಲಿ ಉತ್ತರ ಇರಲಿಲ್ಲ. ಹಾಗಾಗಿ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಜಾಗ ಸಾಲದೆ ಕತ್ತರಿಸುವುದಾದರೆ ನಮ್ಮ ಮನೆ ಕತೆ ತೆಗೆಯಿರಿ, ಕೊನೆಯಲ್ಲಿ ಕೇಳಿರುವುದನ್ನು ಮಾತ್ರ ಉಳಿಸಿ.

ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ. ಕಾಲೇಜಿನಲ್ಲಿದ್ದಾಗ ಶುರುವಾಗಿದ್ದು, ಈಗ ಅವನ ತಲೆ ನರೆತಿದೆ. ಮಾತ್ರೆ ಸರಿಯಾಗಿ ನಡೀತಿದ್ದರೆ ಚೆನ್ನಾಗಿರುತ್ತಾನೆ. ಗಿಡಗಳಿಗೆ ನೀರು ಹಾಕುತ್ತಾನೆ, ಪೇಪರ್ ಓದುತ್ತಾನೆ, ನಿಮ್ಮ ಪದಬಂಧ ತುಂಬುವುದಂತೂ ಅವನೇ, ಬೇರೆಯವರು ಪೆನ್ನು ಮುಟ್ಟುವಂತಿಲ್ಲ. ಕಾಯಿಲೆ ಏರಿದಾಗ ಮಾತ್ರ ರಾತ್ರಿ ಎದ್ದು ಬಾಗಿಲು ತೆಗೆದು ಹೊರಟುಬಿಡುತ್ತಾನೆ. ಅದಕ್ಕೇ ನಮ್ಮಮ್ಮ ಮುಂಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿಕೊಂಡು ಮಲಗುತ್ತಾರೆ, ಬೀಗದ ಕೈ ಸೆರಗಿನ ಗಂಟಿನಲ್ಲಿ. ಅವನು ಮಗ್ಗುಲು ಬದಲಿಸಿದರೂ ಇವರಿಗೆ ಎಚ್ಚರ. ಎಂಟು ಗಂಟೆ ನಿದ್ದೆ ಮಾಡಿ ಅಂತ ಅವರಿಗೆ ಯಾವ ಬಾಯಲ್ಲಿ ಹೇಳಲಿ? ಅಣ್ಣನ ಮಾತ್ರೆಗಳನ್ನು ಬೆಳಗ್ಗೆಯದು, ರಾತ್ರಿಯದು ಅಂತ ಒಂದೂ ತಪ್ಪದಂತೆ ಡಬ್ಬಿಗೆ ಹಾಕಿಡುವ ಇದೇ ಅಮ್ಮ ತಮ್ಮ ಬಿಪಿ ಮಾತ್ರೆ ಮುಗಿದು ವಾರವಾದರೂ ಬಾಯಿ ಬಿಡುವುದಿಲ್ಲ. ಕೇಳಿದರೆ, "ನಂದೇನು ಬಿಡೋ, ಅವನದು ನೋಡು ಮೊದ್ಲು".

ಇದು ನಮ್ಮೊಬ್ಬರ ಮನೆ ಕತೆ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ನನ್ನದು ತಾಲ್ಲೂಕು ಆಸ್ಪತ್ರೆ ಎದುರಿಗೆ ಒಂದು ಝೆರಾಕ್ಸ್ ಅಂಗಡಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುವ ಮಂಗಳವಾರ ನನ್ನ ಅಂಗಡಿಗೆ ಬರುವವರೇ ಬೇರೆ. ಎರಡು ಬಸ್ಸು ಬದಲಿಸಿ, ಹಸುವಿಗೆ ಹುಲ್ಲು ಹಾಕಿ ಅಂತ ಪಕ್ಕದ ಮನೆಯವರಿಗೆ ಹೇಳಿ ಬಂದ ಹೆಂಡತಿ. ಮೂವತ್ತು ದಾಟಿದ ಮಗಳ ಕೈ ಬಿಡದೇ ಹಿಡಿದುಕೊಂಡಿರುವ ಅಪ್ಪ. ಆಧಾರ್, ರೇಷನ್ ಕಾರ್ಡು, ಡಿಸ್ಚಾರ್ಜ್ ಚೀಟಿ, ಅಂಗವಿಕಲರ ಯುಡಿಐಡಿ ಕಾರ್ಡಿನ ಅರ್ಜಿ, ಎಲ್ಲದಕ್ಕೂ ಎರಡೆರಡು ಪ್ರತಿ. ಕಾಯುವವರಿಗೆ ಅಂತ ಒಂದು ಬೆಂಚು ಹಾಕಿಸಿದ್ದೇನೆ. ಮಿಷನ್ ಓಡುತ್ತಿರುವಾಗ ಒಬ್ಬರು ಇನ್ನೊಬ್ಬರನ್ನು ಕೇಳುತ್ತಾರೆ, "ನಿಮ್ಮದು ಎಷ್ಟು ವರ್ಷ ಆಯ್ತು?" ಅಷ್ಟೇ. ಆಮೇಲೆ ಮಾತು ನಿಲ್ಲುವುದಿಲ್ಲ. ಮಾತ್ರೆ ಸಾರಿನಲ್ಲಿ ಕದಡಿ ಕೊಡೋದಾ ಬೇಡವಾ (ಬೇಡ, ಗೊತ್ತಾದ ದಿನ ನಂಬಿಕೆ ಹೋಗುತ್ತೆ, ಡಾಕ್ಟರನ್ನೇ ಕೇಳಿ ಅಂತ ಅನುಭವಸ್ಥರು ಹೇಳುತ್ತಾರೆ), ಹೊಡೆಯಲು ಬಂದಾಗ ಏನು ಮಾಡೋದು, ಊರಿನವರಿಗೆ ಏನಂತ ಹೇಳೋದು. ಒಬ್ಬ ಹೆಂಗಸು ಒಂದು ಸಲ ಹೇಳಿದರು, "ಒಂದೊಂದು ದಿನ ಇವರು ಎಲ್ಲಾದರೂ ಹೋಗಿ ವಾಪಸ್ ಬರದೇ ಇದ್ದರೆ ಸಾಕು ಅನ್ಸುತ್ತೆ, ಆಮೇಲೆ ನಂಗೆ ನಾನೇ ಪಾಪಿ ಅನ್ಸುತ್ತೆ". ಬೆಂಚಿನಲ್ಲಿದ್ದ ಯಾರೂ ಅವರನ್ನು ಕೆಟ್ಟವರು ಅಂದುಕೊಳ್ಳಲಿಲ್ಲ. ಮನೆಯಲ್ಲಿ ಈ ಮಾತು ಆಡೋಕಾಗುತ್ತಾ?

ಹೀಗೆ ಕೂತು ಮಾತಾಡೋದೇ ದೊಡ್ಡ ಔಷಧ. ಬೆಂಗಳೂರಿನಲ್ಲಿ ಆಮೆಂಡ್ ಅಂತ ಮನೆಯವರೇ ಸೇರಿ ಕಟ್ಟಿಕೊಂಡ ಸಂಘ 1990ರ ದಶಕದಲ್ಲೇ ಶುರುವಾಯಿತು. ನಮ್ಮಂಥ ಊರುಗಳಿಗೆ ಅಂಥದ್ದು ಬಂದಿಲ್ಲ, ಝೆರಾಕ್ಸ್ ಅಂಗಡಿಯ ಬೆಂಚಿನಲ್ಲೇ ನಡೀಬೇಕು.

ಇನ್ನು "ನಮ್ಮ ಬಗ್ಗೆ ಯೋಚಿಸೋದು ಸ್ವಾರ್ಥ" ಅನ್ನುವವರಿಗೆ ಒಂದು ವಿಷಯ ಹೇಳಬೇಕು. ಅಣ್ಣನನ್ನು ಅಡ್ಮಿಟ್ ಮಾಡಿದ್ದಾಗ ಅಲ್ಲಿನ ಸೋಷಿಯಲ್ ವರ್ಕರ್ ಒಬ್ಬರು ನನಗೆ ತಿಳಿಸಿಕೊಟ್ಟಿದ್ದು ಇದು. 1950ರ ದಶಕದ ಕೊನೆಗೆ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಅನ್ನುವ ಸಂಶೋಧಕರು, ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಹೋದವರಲ್ಲಿ ಯಾರಿಗೆ ಕಾಯಿಲೆ ಮರುಕಳಿಸುತ್ತದೆ ಅಂತ ಹುಡುಕಲು ಹೊರಟರು. ಅವರೂ ಅವರ ನಂತರದವರೂ ಕಂಡಿದ್ದು, ದಿನವೂ ಬೈಗುಳ, ಸಿಡಿಮಿಡಿ ಇರುವ ಮನೆಗಳಲ್ಲಿ, ಹಾಗೆಯೇ ಉಸಿರು ಕಟ್ಟಿಸುವಷ್ಟು ಕಾಳಜಿ ಮಾಡುವ ಮನೆಗಳಲ್ಲಿ, ಮರುಕಳಿಸುವುದು ಜಾಸ್ತಿ. 1976ರಲ್ಲಿ ವಾನ್ ಮತ್ತು ಲೆಫ್ ಅನ್ನುವ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇತ್ತು. ಅಂಥ ಮನೆಯೇ ಆದರೂ, ಕಾಯಿಲೆಯವರು ಮತ್ತು ಮನೆಯವರು ಎದುರುಬದುರು ಕೂರುವ ಹೊತ್ತು ವಾರಕ್ಕೆ 35 ಗಂಟೆಗಿಂತ ಕಡಿಮೆ ಇದ್ದರೆ ಮರುಕಳಿಸುವುದು ಕಡಿಮೆಯಾಗಿತ್ತು. ಎಚ್ಚರವಿರುವ ಹೊತ್ತಷ್ಟೇ ಹಿಡಿದರೂ ನಮ್ಮಮ್ಮನ ಲೆಕ್ಕದಲ್ಲಿ 35 ಗಂಟೆ ಎರಡೂವರೆ ದಿನಕ್ಕೇ ಮುಗಿಯುತ್ತದೆ! ವಾರದ ಉಳಿದ ದಿನ ಇಬ್ಬರಿಗೂ ಒಬ್ಬರ ಮುಖ ಇನ್ನೊಬ್ಬರು ನೋಡುವುದು ತಪ್ಪುವುದಿಲ್ಲ.

ಇದನ್ನು ಹಿಡಿದುಕೊಂಡು ಮನೆಯವರ ಮೇಲೆ ಗೂಬೆ ಕೂರಿಸಬಾರದು, ಕಾಯಿಲೆ ತಂದಿದ್ದು ಅವರಲ್ಲ. 1980ರ ದಶಕದಲ್ಲಿ ಚಂಡೀಗಢದಲ್ಲಿ ಇದೇ ಥರ ನೋಡಿದಾಗ ಆ ಸಿಡುಕು ಲಂಡನ್ನಿಗಿಂತ ಕಡಿಮೆಯೇ ಇತ್ತು. ನಾನು ಹೇಳುತ್ತಿರುವುದು ಇಷ್ಟು. ರಾತ್ರಿಯೆಲ್ಲಾ ಎಚ್ಚರವಿದ್ದವರು ಬೆಳಗ್ಗೆ ಸಿಡುಕದೇ ಇರುವುದು ಹೇಗೆ? ಅಮ್ಮನಿಗೆ ಎರಡು ಗಂಟೆ ಬಿಡುವು ಸಿಕ್ಕರೆ ಅಣ್ಣನಿಗೂ ಅಷ್ಟು ಹೊತ್ತು ಬಿಡುವು. ಅವನೇ ಎಷ್ಟೋ ಸಲ ಹೇಳುತ್ತಾನೆ, "ಇವರನ್ನ ಎಲ್ಲಾದರೂ ಕಳಿಸೋ ಮಾರಾಯ, ಮಾತ್ರೆ ತಗೊಂಡ್ಯಾ ಅಂತ ಕೇಳಿ ಕೇಳಿ ತಲೆ ತಿಂತಾರೆ" ಅಂತ.

ಬಿಡುವು ಕೊಡುವವರು ಯಾರು ಅನ್ನೋದೇ ಪ್ರಶ್ನೆ. ನೆಂಟರು ಕಡಿಮೆ ಇಲ್ಲ, ಸಲಹೆಗಂತೂ ಬರವೇ ಇಲ್ಲ. ಆ ಕ್ಷೇತ್ರಕ್ಕೆ ಒಂದ್ಸಲ ಹೋಗಿ ಬನ್ನಿ, ತಾಯತ ಕಟ್ಟಿಸಿ, ಒಂದು ಮದುವೆ ಮಾಡಿಬಿಡಿ ಎಲ್ಲಾ ಸರಿಹೋಗ್ತಾನೆ. (ಈ ಕೊನೆಯದಕ್ಕೆ ನನಗೆ ಮೈಯೆಲ್ಲಾ ಉರಿಯುತ್ತದೆ. ಯಾರದೋ ಮನೆ ಹೆಣ್ಣುಮಗಳನ್ನು ಸಂಬಳವಿಲ್ಲದ ನರ್ಸ್ ಮಾಡುವ ಯೋಜನೆ ಅದು, ಅವಳಿಗೆ ವಿಷಯವನ್ನೂ ಹೇಳುವುದಿಲ್ಲ.) ಹಾಗೆ ನೋಡಿದರೆ ನೋಡಿಕೊಳ್ಳುವ ಕೆಲಸ ಯಾವ ಮನೆಯಲ್ಲೂ ಗಂಡಸಿನ ಪಾಲಿಗೆ ಮೊದಲು ಬರುವುದಿಲ್ಲ. ಅಮ್ಮ, ಅವರಾದ ಮೇಲೆ ಹೆಂಡತಿ, ಅವಳೂ ಇಲ್ಲದಿದ್ದರೆ ಮದುವೆಯಾಗದ ತಂಗಿ. ನಮ್ಮ ಮನೆಯಲ್ಲೂ ಅಮ್ಮನ ನಂತರದ ಹೆಸರು ನನ್ನ ಹೆಂಡತಿಯದೇ, ನನ್ನದಲ್ಲ.

ನೆಂಟರಲ್ಲಿ ಒಬ್ಬರೇ ಒಬ್ಬರು ಬೇರೆ ಥರ. ನಮ್ಮ ಸೋದರಮಾವ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಅವರು ಉಪದೇಶ ಮಾಡಲಿಲ್ಲ, ಭಾನುವಾರ ಮಧ್ಯಾಹ್ನ ಬಂದು ಚೌಕಾಬಾರ ಹಾಸಿಕೊಂಡು ಅಣ್ಣನ ಜೊತೆ ಕೂತರು. "ಅಕ್ಕ, ನೀನು ಎಲ್ಲಿಗಾದರೂ ಹೋಗು, ದೀಪ ಹಚ್ಚೋ ಹೊತ್ತಿಗೆ ಬಾ" ಅಂದರು. ಅಮ್ಮ ಎಲ್ಲಿಗೂ ಹೋಗಲಿಲ್ಲ. ಒಳಗಿನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಿಬಿಟ್ಟರು. ಈಗ ಭಾನುವಾರ ಅಂದರೆ ಭಜನೆ ಮಂಡಳಿಗೆ ಹೊರಡುತ್ತಾರೆ, ಮಾವ ಬರುವುದು ಹತ್ತು ನಿಮಿಷ ತಡವಾದರೆ ನನಗೆ ಫೋನು ಮಾಡಿ ಬೈಯುತ್ತಾರೆ.

ಬೇರೆ ನೆಂಟರು ಯಾಕೆ ಬರಲ್ಲ ಅಂತ ಯೋಚಿಸಿದರೆ, ಬಹಳ ಜನಕ್ಕೆ ಮನಸ್ಸಿಲ್ಲ ಅಂತಲ್ಲ, ಹೆದರಿಕೆ. ಏನಾದರೂ ಆದರೆ ಏನು ಮಾಡೋದು ಅಂತ. ಅದಕ್ಕೆ ನಾನು ಅಂಗಡಿಗೆ ಬರುವವರಿಗೆಲ್ಲಾ ಫೈಲಿನ ಮೊದಲ ಹಾಳೆಯಾಗಿ ಒಂದು ಪುಟ ಬರೆದುಕೊಡುತ್ತೇನೆ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ. ಮುಂದಿನ ಇಂಜೆಕ್ಷನ್ ತಾರೀಖು. ಲಿಥಿಯಂ, ಕ್ಲೋಜಪಿನ್ ಅನ್ನುವ ಮಾತ್ರೆ ತಗೊಳ್ಳುವವರಿಗಾದರೆ ರಕ್ತ ಪರೀಕ್ಷೆ ಯಾವಾಗ, ಅದು ಬಿಡುವಂತಿಲ್ಲ. ಕಾಯಿಲೆ ಏರುವ ಮುಂಚಿನ ಗುರುತು, ನಮ್ಮ ಅಣ್ಣನಿಗಾದರೆ ಸ್ನಾನ ಬಿಡುತ್ತಾನೆ, ಟಿವಿಯವರು ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅಂತ ಆಫ್ ಮಾಡಿಸುತ್ತಾನೆ. ಆಗ ಏನು ಮಾತಾಡಬಾರದು. ಯಾರಿಗೆ ಫೋನ್ ಮಾಡಬೇಕು. ಈ ಹಾಳೆ ಇದ್ದರೆ ಅಕ್ಕನ ಮಗನೋ ಪಕ್ಕದ ಮನೆಯವರೋ ಒಂದು ದಿನ ಧೈರ್ಯವಾಗಿ ಇರಬಹುದು. ಇಲ್ಲದಿದ್ದರೆ ಎಲ್ಲಾ ಅಮ್ಮನ ತಲೆಯಲ್ಲೇ ಇರುತ್ತದೆ, ಅಮ್ಮ ಜ್ವರ ಬಂದು ಮಲಗಿದರೆ ಮುಗೀತು.

ಅಂದ ಹಾಗೆ, ಬೆಂಚಿನ ಮೇಲೆ ಕೂತ ಎಲ್ಲಾ ತಂದೆತಾಯಿಯರೂ ಕೊನೆಗೆ ಕೇಳುವುದು ಒಂದೇ ಮಾತು, "ನಾವು ಹೋದ ಮೇಲೆ ಯಾರು?" ಪ್ರಾಣಾಯಾಮ ಮಾಡಿದರೆ ಈ ಚಿಂತೆ ಹೋಗಲ್ಲ. ಬುದ್ಧಿಮಾಂದ್ಯತೆ, ಆಟಿಸಂ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಕಾನೂನು ಪ್ರಕಾರ ಪೋಷಕರನ್ನು (ಗಾರ್ಡಿಯನ್) ನೇಮಿಸುವ ದಾರಿ ಇದೆ, ಮಾನಸಿಕ ಕಾಯಿಲೆ ಅದರೊಳಗೆ ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಕಾಯಿಲೆಯವರೇ ಹುಷಾರಾಗಿರುವಾಗ ತಮ್ಮ ಪರವಾಗಿ ನಿಲ್ಲುವ ಪ್ರತಿನಿಧಿಯ ಹೆಸರು ಬರೆದಿಡಬಹುದು. ಅಣ್ಣ ಬಿಳಿ ಹಾಳೆಯಲ್ಲಿ ನನ್ನ ಹೆಸರು ಬರೆದು, ಸಹಿ ಹಾಕಿ, ನನ್ನ ಕೈಲೂ ಹಾಕಿಸಿಕೊಂಡಿದ್ದಾನೆ. ಅದನ್ನು ಫೈಲಿಗೆ ಸೇರಿಸಿದ ಮೇಲೆ ಅಮ್ಮನಿಗೆ ಸ್ವಲ್ಪ ಸಮಾಧಾನ.

ಇನ್ನು ಸರ್ಕಾರ. ಹಳ್ಳಿಯ ಬಾಗಿಲಿಗೆ ಮಾನಸಿಕ ಚಿಕಿತ್ಸೆ ತಲುಪಿಸಬಹುದು ಅಂತ 1980ರ ದಶಕದಲ್ಲಿ ದೇಶಕ್ಕೇ ತೋರಿಸಿದ್ದು ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಕೆಲಸ. 1996ರಿಂದ ಅದೇ ಮಾದರಿ ಬೇರೆ ರಾಜ್ಯಗಳಿಗೂ ಹೋಯಿತು. ಮಾತ್ರೆ ಊರಿಗೆ ಬಂತು, ನಿಜ, ದೊಡ್ಡ ಉಪಕಾರ. ಆದರೆ ಆ ಮಾತ್ರೆ ನುಂಗಿಸುವವರು ಯಾರು, ಅವರು ಹೇಗಿದ್ದಾರೆ ಅಂತ ಯಾರೂ ಕೇಳಲಿಲ್ಲ. ಡಾಕ್ಟರ ಮುಂದೆ ನಮ್ಮಮ್ಮ ಅಣ್ಣನ ಪಕ್ಕದಲ್ಲೇ ಕೂತಿರುತ್ತಾರೆ. ನಿದ್ದೆ ಮಾಡ್ತಾನಾ, ಊಟ ಮಾಡ್ತಾನಾ, ಮಾತ್ರೆ ತಗೋತಾನಾ, ಎಲ್ಲಾ ಪ್ರಶ್ನೆಗೂ ಉತ್ತರ ಅಮ್ಮನದೇ. ಅಮ್ಮನ ನಿದ್ದೆಯ ಬಗ್ಗೆ ಪ್ರಶ್ನೆಯೇ ಇಲ್ಲ. ಡಾಕ್ಟರನ್ನು ದೂರಿ ಪ್ರಯೋಜನ ಇಲ್ಲ, ಹೊರಗೆ ಕ್ಯೂ ಅಷ್ಟುದ್ದ ಇರುತ್ತೆ.

ನಾನು ಕೇಳುವುದು ದೊಡ್ಡದೇನಲ್ಲ. ಆ ಮಂಗಳವಾರ ಕ್ಯೂನಲ್ಲಿ ಕಾಯುವ ಹೊತ್ತಿಗೇ, ಜೊತೆಗೆ ಬಂದವರ ಬಿಪಿ, ಶುಗರ್ ನೋಡಿ ಅವರ ಹೆಸರಿನಲ್ಲೂ ಒಂದು ಚೀಟಿ ಮಾಡಿ. ನರ್ಸ್ ಅಲ್ಲೇ ಇರುತ್ತಾರೆ, ಮಿಷನ್ನೂ ಅಲ್ಲೇ ಇದೆ. ಹಲವು ಜಿಲ್ಲಾ ಕೇಂದ್ರಗಳಲ್ಲಿ ಮಾನಸಧಾರ ಅನ್ನುವ ಹಗಲು ಆರೈಕೆ ಕೇಂದ್ರಗಳಿವೆ, ಬೆಳಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬರಬಹುದು. ಒಳ್ಳೆಯ ಯೋಜನೆ, ಆದರೆ ತಾಲ್ಲೂಕಿನ ಹಳ್ಳಿಯವರು ದಿನಾ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರೋಕಾಗುತ್ತಾ? ತಾಲ್ಲೂಕಿಗೊಂದು, ವಾರಕ್ಕೆ ಎರಡು ದಿನ ತೆರೆದರೂ ಸಾಕು. ಮನೆಯವರಿಗೇ ಆಪರೇಷನ್ನೋ ಹೆರಿಗೆಯೋ ಆದಾಗ ಕಾಯಿಲೆಯವರನ್ನು ಹತ್ತು ದಿನ ಇರಿಸಿಕೊಳ್ಳುವ ಜಾಗವೂ ಬೇಕು. ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ, ಮಾನಸಿಕ ಕಾಯಿಲೆಯೂ ಅದೇ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಒಂದು. ಆ ಮಾತನ್ನು ನಮ್ಮಂಥ ಮನೆಗಳಿಗೂ ನಡೆಸಿಕೊಡಲಿ.

ಓದುಗರಿಗೆ ಒಂದು ಮಾತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕಾಯಿಲೆಯವರೇ ಫೋನ್ ಮಾಡಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ನೋಡಿಕೊಂಡು ನೋಡಿಕೊಂಡು ಸಾಕಾದವರೂ ತಮಗೋಸ್ಕರವೇ ಮಾಡಬಹುದು. 2022ರ ಅಕ್ಟೋಬರ್ 10ರಿಂದ ನಡೀತಿದೆ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಯಾವಾಗಲಾದರೂ ಸರಿ, ದುಡ್ಡಿಲ್ಲ.

ನಿಮ್ಮ ಆರೋಗ್ಯ ಪುಟದವರಿಗೂ ಒಂದು ಕೋರಿಕೆ. ಮುಂದಿನ ಸಲ ಇಂಥ ಸಲಹೆಗಳನ್ನು ನಮಗೆ ಬರೆಯಬೇಡಿ, ನಮ್ಮ ನೆಂಟರಿಗೆ, ಅಕ್ಕಪಕ್ಕದವರಿಗೆ ಬರೆಯಿರಿ. ಎಷ್ಟು ಹೊತ್ತಿಗೆ ಬರ್ತೀರಿ, ಎಷ್ಟು ಹೊತ್ತು ಇರ್ತೀರಿ ಅಂತ ಅವರನ್ನು ಕೇಳಿ.

ಇಂತಿ,
ಒಬ್ಬ ಓದುಗ, ತುಮಕೂರು ಜಿಲ್ಲೆ
(ಹೆಸರು, ಊರು ದಯವಿಟ್ಟು ಹಾಕಬೇಡಿ. ನನಗೇನೂ ನಾಚಿಕೆ ಇಲ್ಲ, ಆದರೆ ಮನೆಯಲ್ಲಿ ಮಗಳ ಮದುವೆ ಮಾತುಕತೆ ನಡೀತಿದೆ.)