ವೈದ್ಯಕೀಯ ಪದಗಳಿಗೂ ಸಂಧಿ ಬಿಡಿಸುವ ಪಾಠ ಬೇಕು

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), ಬಿ.ಎಸ್ಸಿ ನರ್ಸಿಂಗ್, ಲ್ಯಾಬ್ ಟೆಕ್ನೀಷಿಯನ್ ಕೋರ್ಸ್‌ಗಳಿಗೆ ಸೇರುವ ಮಕ್ಕಳು ಮೊದಲ ವರ್ಷ ಎಡವುವುದು ವಿಷಯದಲ್ಲಲ್ಲ, ಹೆಸರುಗಳಲ್ಲಿ. ಜಠರ ಎಲ್ಲಿದೆ, ಏನು ಮಾಡುತ್ತದೆ ಎಂಬುದು ಅವರಿಗೆ ಹೈಸ್ಕೂಲಿನಿಂದಲೇ ಗೊತ್ತು. ಅದೇ ಜಠರ ಗ್ಯಾಸ್ಟ್ರೈಟಿಸ್, ಗ್ಯಾಸ್ಟ್ರೆಕ್ಟಮಿ, ಎಪಿಗ್ಯಾಸ್ಟ್ರಿಯಂ ಎಂದು ವೇಷ ಬದಲಿಸಿಕೊಂಡು ಬಂದಾಗ ಒಂದೊಂದನ್ನೂ ಹೊಸದಾಗಿ ಬಾಯಿಪಾಠ ಮಾಡಲು ಕೂರುತ್ತಾರೆ. ಇದು ಅನಗತ್ಯ ಶ್ರಮ. ಈ ಪದಗಳಲ್ಲಿ ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್ ತುಂಡುಗಳಿಂದ ಕಟ್ಟಿದವು. ಅವನ್ನು ಬಿಡಿಸುವ ವಿದ್ಯೆಯನ್ನು ಅಂಗರಚನಾಶಾಸ್ತ್ರದ ಮೊದಲ ಪಾಠಕ್ಕಿಂತ ಮುಂಚೆಯೇ, ಕನ್ನಡದಲ್ಲೇ, ಕಲಿಸಬೇಕು ಎಂಬುದು ಬೋಧಕರಾದ ನಮ್ಮ ಮನವಿ.

ಪದವನ್ನು ಬಾಲದಿಂದ ಓದಲು ಹೇಳಿಕೊಡಬೇಕು. ಮೊದಲು ಕೊನೆಯ ತುಂಡು, ಆಮೇಲೆ ಆರಂಭ, ಕಡೆಗೆ ನಡುವಿನದು. ಡೆಂಗಿ ಕಾಲದಲ್ಲಿ ರೋಗಿಯ ಚೀಟಿಯಲ್ಲಿ ಕಾಣುವ ‘ಥ್ರಾಂಬೋಸೈಟೋಪೀನಿಯಾ’ವನ್ನೇ ನೋಡಿ. ಬಾಲದಲ್ಲಿರುವ ಪೀನಿಯಾ ಎಂದರೆ ಕೊರತೆ. ಥ್ರಾಂಬೊ ಎಂದರೆ ಹೆಪ್ಪು, ಸೈಟೊ ಎಂದರೆ ಕೋಶ. ಹೆಪ್ಪುಗಟ್ಟಿಸುವ ಕೋಶಗಳ ಕೊರತೆ, ಅಂದರೆ ಊರವರೆಲ್ಲ ಹೇಳುವ ‘ಪ್ಲೇಟ್‌ಲೆಟ್ ಇಳಿದಿದೆ’ ಎಂಬ ಮಾತೇ. ಮೈಕ್ರೊಲೀಟರಿಗೆ ಒಂದೂವರೆ ಲಕ್ಷಕ್ಕಿಂತ ಕೆಳಗಿಳಿದರೆ ಈ ಹೆಸರು. ಇಷ್ಟು ತಿಳಿದ ವಿದ್ಯಾರ್ಥಿ ನಾಳೆ ‘ಲ್ಯೂಕೋಪೀನಿಯಾ’ ಎದುರಾದರೆ ಯಾರನ್ನೂ ಕೇಳಬೇಕಿಲ್ಲ. ಲ್ಯೂಕೊ ಎಂದರೆ ಬಿಳಿ. ಬಿಳಿ ರಕ್ತಕಣ ಕಡಿಮೆಯಾಗಿದೆ.

ತುಂಡುಗಳು ಕೂಡುವ ನಿಯಮವನ್ನು ನಮ್ಮ ಮಕ್ಕಳು ಕನ್ನಡ ವ್ಯಾಕರಣದಲ್ಲಿ ಆಗಲೇ ಓದಿರುತ್ತಾರೆ. ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆಗುವಾಗ ಮೊದಲ ಪದದ ಕೊನೆಯ ಸ್ವರ ಬಿದ್ದುಹೋಗುವುದು ಲೋಪಸಂಧಿ. ಜಠರವೆಂಬ ಗ್ಯಾಸ್ಟ್ರೊ ಮತ್ತು ಉರಿಯೂತವೆಂಬ ಐಟಿಸ್ ಸೇರಿ ಗ್ಯಾಸ್ಟ್ರೈಟಿಸ್ ಆಗುವುದೂ ಹಾಗೆಯೇ: ಬಾಲದ ತುಂಡು ಸ್ವರದಿಂದ ಶುರುವಾದರೆ ಹಿಂದಿನ ‘ಒ’ ಲೋಪ. ವ್ಯಂಜನದಿಂದ ಶುರುವಾದರೆ ‘ಒ’ ಉಳಿಯುತ್ತದೆ, ಆದ್ದರಿಂದ ಗ್ಯಾಸ್ಟ್ರೊಸ್ಕೋಪಿ. ಎರಡು ಅಂಗಗಳ ಹೆಸರು ಜೊತೆಯಾದಾಗ ಮಾತ್ರ ಎದುರಿಗೆ ಸ್ವರವಿದ್ದರೂ ‘ಒ’ ಬೀಳುವುದಿಲ್ಲ. ನಮ್ಮ ಮೇಷ್ಟ್ರುಗಳು ಪ್ರಕೃತಿಭಾವ ಎನ್ನುತ್ತಾರಲ್ಲ, ಅದು. ‘ಗ್ಯಾಸ್ಟ್ರೊಎಂಟರೈಟಿಸ್’ ಎಂಬ ಒಂದೇ ಪದದಲ್ಲಿ ಎರಡೂ ಕಾಣುತ್ತವೆ: ಗ್ಯಾಸ್ಟ್ರೊದ ‘ಒ’ ಉಳಿದಿದೆ, ಕರುಳನ್ನು ಸೂಚಿಸುವ ಎಂಟರೊದ ‘ಒ’ ಬಿದ್ದಿದೆ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಹೊಸದಾಗಿ ವಿವರಿಸಬೇಕಾದ ಈ ನಿಯಮ ಕನ್ನಡ ಮಾಧ್ಯಮದವರಿಗೆ ಐದು ನಿಮಿಷದ ಮಾತು.

ಪೂರ್ವಪದಗಳಲ್ಲೂ ಇಂಥ ಅನುಕೂಲವಿದೆ. ಗ್ರೀಕಿನ ನಿಷೇಧಾರ್ಥ ವ್ಯಂಜನದ ಹಿಂದೆ ‘ಅ’, ಸ್ವರದ ಹಿಂದೆ ‘ಅನ್’. ನಾವು ದಿನವೂ ಆಡುವ ಅಸಹಜ, ಅನಾರೋಗ್ಯಗಳಲ್ಲಿ ಇರುವುದೂ ಅದೇ. ಉಸಿರು ನಿಂತರೆ ಆಪ್ನಿಯಾ, ಮೂತ್ರ ನಿಂತರೆ ಅನೂರಿಯಾ. ದುರ್ಬಲದ ‘ದುರ್’ ಗ್ರೀಕಿನಲ್ಲಿ ‘ಡಿಸ್’. ಉಸಿರಾಟ ಕಷ್ಟವಾದರೆ ಡಿಸ್ಪ್ನಿಯಾ. ಪರಿಸರದ ‘ಪರಿ’ ಅಲ್ಲಿ ‘ಪೆರಿ’. ಹೃದಯದ ಸುತ್ತಲಿನ ಚೀಲ ಪೆರಿಕಾರ್ಡಿಯಂ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಭಾಷಾ ಕುಟುಂಬದವಾದ್ದರಿಂದ ಈ ಹೋಲಿಕೆ. ಎಲ್ಲವೂ ಇಲ್ಲಿಂದಲೇ ಹೋದವು ಎಂಬ ವಾಟ್ಸ್‌ಆ್ಯಪ್ ಪಾಂಡಿತ್ಯವನ್ನು ಮಾತ್ರ ತರಗತಿಯ ಹೊರಗೇ ಇಡುವುದು ಒಳ್ಳೆಯದು.

ಒಂದೇ ಅಂಗಕ್ಕೆ ಎರಡು ಹೆಸರು ಯಾಕೆ ಎಂದು ವಿದ್ಯಾರ್ಥಿಗಳು ತಪ್ಪದೇ ಕೇಳುತ್ತಾರೆ. ಮೂತ್ರಪಿಂಡಕ್ಕೆ ರೀನಲ್ ಆರ್ಟರಿ, ಆದರೆ ಉರಿಯೂತಕ್ಕೆ ನೆಫ್ರೈಟಿಸ್. ಸ್ಥೂಲವಾಗಿ ಹೇಳುವುದಾದರೆ ಅಂಗದ ಹೆಸರು, ಜಾಗ ಹೇಳುವಾಗ ಲ್ಯಾಟಿನ್. ರೋಗ, ಶಸ್ತ್ರಚಿಕಿತ್ಸೆ ಹೇಳುವಾಗ ಗ್ರೀಕ್. ಚರ್ಮಕ್ಕೆ ಕ್ಯುಟೇನಿಯಸ್ ಮತ್ತು ಡರ್ಮಟೈಟಿಸ್, ಗರ್ಭಕೋಶಕ್ಕೆ ಯೂಟರೈನ್ ಮತ್ತು ಹಿಸ್ಟರೆಕ್ಟಮಿ. ನಿಯಮ ಮುರಿಯುವವೂ ಇವೆ. ಟಾನ್ಸಿಲೈಟಿಸ್, ಅಪೆಂಡಿಸೈಟಿಸ್‌ಗಳಲ್ಲಿ ಲ್ಯಾಟಿನ್ ಬೇರಿಗೆ ಗ್ರೀಕ್ ಬಾಲ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಶಸ್ತ್ರಚಿಕಿತ್ಸೆಯ ಬಾಲಗಳ ಹತ್ತಿರ. ದೊಡ್ಡಕರುಳಿನ ಮೇಲೆ ಮಾಡುವ ಮೂರು ಬೇರೆಬೇರೆ ಕೆಲಸಗಳು ಕೊಲಾಟಮಿ, ಕೊಲೆಕ್ಟಮಿ, ಕೊಲಾಸ್ಟಮಿ. ‘ಟಮಿ’ ಎಂದರೆ ಬರೀ ಕೊಯ್ದು ತೆರೆಯುವುದು. ‘ಎಕ್ಟಮಿ’ ಎಂದರೆ ಕತ್ತರಿಸಿ ಹೊರತೆಗೆಯುವುದು. ‘ಆಸ್ಟಮಿ’ಯಲ್ಲಿ ಬಾಯಿ ಎಂಬ ಅರ್ಥದ ಗ್ರೀಕ್ ಪದ ಅಡಗಿದೆ, ಅಂಗಕ್ಕೆ ಹೊರಕ್ಕೆ ತೆರೆಯುವ ಬಾಯಿ ಮಾಡುವುದು. ಕೊಲಾಸ್ಟಮಿ ಆದ ರೋಗಿಯ ಹೊಟ್ಟೆಯ ಮೇಲೆ ಮಲ ಸೇರುವ ಚೀಲ ಇರುತ್ತದೆ, ಬಾಯಿಯ ಸುತ್ತಲಿನ ಚರ್ಮವನ್ನು ದಿನವೂ ನೋಡಬೇಕಾಗುತ್ತದೆ, ಮನೆಯವರಿಗೆ ಚೀಲ ಬದಲಿಸಲು ಕಲಿಸಬೇಕಾಗುತ್ತದೆ. ಈ ಮೂರರಲ್ಲಿ ಒಂದಕ್ಕೊಂದು ಬೆರೆತರೆ ಶುಶ್ರೂಷೆಯ ಯೋಜನೆಯೇ ತಪ್ಪುತ್ತದೆ.

ಇನ್ನು ಕನ್ನಡ ಲಿಪಿಯಲ್ಲಿ ಟಿಪ್ಪಣಿ ಬರೆದುಕೊಳ್ಳುವವರಿಗೆ ಎಚ್ಚರಿಕೆ. ಸೊಂಟದ ಎಲುಬು ಇಲಿಯಂ, ಸಣ್ಣಕರುಳಿನ ಕೊನೆಯ ಭಾಗವೂ ಇಲಿಯಂ. ಇಂಗ್ಲಿಷಿನಲ್ಲಿ ‘ಎಲ್’ ಆದ ಮೇಲೆ ‘ಐ’ ಬಂದರೆ ಎಲುಬು, ‘ಇ’ ಬಂದರೆ ಕರುಳು. ಕನ್ನಡದಲ್ಲಿ ಆ ಗುರುತೇ ಅಳಿಸಿಹೋಗುತ್ತದೆ. ‘ಆ್ಯಂಟಿ’ಯ ಕತೆಯೂ ಇಷ್ಟೇ. ಆ್ಯಂಟಿಬಯಾಟಿಕ್‌ನಲ್ಲಿ ಅದು ವಿರುದ್ಧ, ಗರ್ಭಿಣಿಯರ ಆ್ಯಂಟಿನೇಟಲ್ ತಪಾಸಣೆಯಲ್ಲಿ ಮುಂಚೆ. ಮೊದಲನೆಯದು ಗ್ರೀಕ್, ‘ಟಿ’ ಆದ ಮೇಲೆ ‘ಐ’. ಎರಡನೆಯದು ಲ್ಯಾಟಿನ್, ‘ಟಿ’ ಆದ ಮೇಲೆ ‘ಇ’. ನ್ಯುಮೋನಿಯಾದ ಮುಂದಿನ ‘ಪಿ’ ಉಚ್ಚಾರಣೆಗೆ ಸಿಗದ ಕಾರಣ ನಿಘಂಟಿನಲ್ಲಿ ‘ಎನ್’ ಅಕ್ಷರದಡಿ ಹುಡುಕಿ ಸೋಲುವವರು ಬಹಳ. ಹಾಗಾಗಿ ಅರ್ಥ ಕನ್ನಡದಲ್ಲಿರಲಿ, ತುಂಡನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿಸಬೇಕು.

ಕೇಳುವಾಗ ಆಗುವ ತಪ್ಪು ಇದಕ್ಕಿಂತ ಅಪಾಯದ್ದು. ರಕ್ತದ ಪೊಟ್ಯಾಸಿಯಂ ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕು. ಕಡಿಮೆಯಾದರೆ ಹೈಪೊಕಲೀಮಿಯಾ, ಹೆಚ್ಚಾದರೆ ಹೈಪರ್‌ಕಲೀಮಿಯಾ. ಎರಡಕ್ಕೂ ಇರುವ ಅಂತರ ಅರ್ಧ ಉಸಿರಿನದು, ಚಿಕಿತ್ಸೆ ತದ್ವಿರುದ್ಧ. ಹೆಚ್ಚಿರುವವರಿಗೆ ಮತ್ತೆ ಪೊಟ್ಯಾಸಿಯಂ ಹನಿಸಿದರೆ ಹೃದಯವೇ ನಿಲ್ಲಬಹುದು. ಫೋನಿನಲ್ಲಿ ಇಂಥ ಪದ ಬಂದಾಗ ಪದವನ್ನಷ್ಟೇ ಮರುನುಡಿಯದೆ ‘ಪೊಟ್ಯಾಸಿಯಂ 2.8, ಕಡಿಮೆ’ ಎಂದು ಸಂಖ್ಯೆ ಸಮೇತ ಹೇಳಿ ಖಚಿತಪಡಿಸಿಕೊಳ್ಳುವ ಅಭ್ಯಾಸವನ್ನು ಈ ಪಾಠದ ಜೊತೆಗೇ ಮಾಡಿಸಬೇಕು. ಚೀಟಿಯ ‘ಓಡಿ’ಯೂ ಹೀಗೆ ಎರಡು ನಾಲಿಗೆಯದು: ಮಾತ್ರೆಯ ಮುಂದೆ ದಿನಕ್ಕೊಮ್ಮೆ, ಕಣ್ಣಿನ ವಿಭಾಗದಲ್ಲಿ ಬಲಗಣ್ಣು.

ಬಿಡಿಸಿದರೆ ದಾರಿ ತಪ್ಪಿಸುವ ಪದಗಳನ್ನೂ ಮುಂಚೆಯೇ ತೋರಿಸಬೇಕು. ‘ಓಮಾ’ ಎಂದರೆ ಗೆಡ್ಡೆ ಎಂದು ಕಲಿತವರು ಗ್ಲಾಕೋಮಾ, ಹೆಮಟೋಮಾ ಕೇಳಿ ಕ್ಯಾನ್ಸರ್ ಎಂದುಕೊಳ್ಳುತ್ತಾರೆ. ಮೊದಲನೆಯದು ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ, ಎರಡನೆಯದು ರಕ್ತ ಕಟ್ಟಿದ ಬಾವು. ಲೈಪೋಮಾ ಗೆಡ್ಡೆಯೇ, ಆದರೆ ಕೊಬ್ಬಿನ ನಿರುಪದ್ರವಿ ಗೆಡ್ಡೆ. ‘ಮೈಯೆಲೊ’ ಒಮ್ಮೆ ಅಸ್ಥಿಮಜ್ಜೆ, ಒಮ್ಮೆ ಬೆನ್ನುಹುರಿ: ಆಸ್ಟಿಯೊಮೈಯಲೈಟಿಸ್ ಮೂಳೆಯದು, ಪೋಲಿಯೊಮೈಯಲೈಟಿಸ್ ಬೆನ್ನುಹುರಿಯದು. ಆರ್ಥೋಪೆಡಿಕ್ಸ್‌ನ ‘ಪೆಡ್’ ಪಾದವಲ್ಲ, ಮಗು. 1741ರಲ್ಲಿ ಫ್ರಾನ್ಸಿನ ನಿಕೋಲಾ ಆಂದ್ರಿ ಮಕ್ಕಳ ಅಂಗವಕ್ರತೆ ನೇರ ಮಾಡುವ ವಿದ್ಯೆಗೆ ಇಟ್ಟ ಹೆಸರದು. ಇಂದು ಎಂಬತ್ತರ ಅಜ್ಜಿಯ ಸೊಂಟದ ಮುರಿತಕ್ಕೂ ಅದೇ ವಿಭಾಗ. ಮಲೇರಿಯಾ ಎಂದರೆ ಇಟಾಲಿಯನ್ ಭಾಷೆಯಲ್ಲಿ ಕೆಟ್ಟ ಗಾಳಿ. ಸೊಳ್ಳೆಯ ಪಾತ್ರಕ್ಕೆ ಪುರಾವೆಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ, ಹೆಸರು ಮಾತ್ರ ಹಾಗೇ ಉಳಿಯಿತು. ರೋಗಗಳಿಗೆ ಇಟ್ಟಿರುವ ಪಾರ್ಕಿನ್ಸನ್, ಹಾಡ್ಜ್‌ಕಿನ್‌ನಂಥ ವ್ಯಕ್ತಿನಾಮಗಳನ್ನು ಬಿಡಿಸಲು ಹೊರಡುವುದೇ ಬೇಡ, ಅವನ್ನು ಬಾಯಿಪಾಠ ಮಾಡಿದರಾಯಿತು.

ಇದಕ್ಕೆಲ್ಲ ಬೇಕಾದ ಕಾಲ ದೊಡ್ಡದಲ್ಲ. ದಿನಕ್ಕೆ ಐದು ತುಂಡು, ವಾರಕ್ಕೆ ಐದು ದಿನ. ಆರು ವಾರಕ್ಕೆ 150 ತುಂಡುಗಳಾಗುತ್ತವೆ. ವಾರ್ಡಿನಲ್ಲಿ ಕಿವಿಗೆ ಬೀಳುವ ಹೆಚ್ಚಿನ ಪದಗಳಿಗೆ ಅಷ್ಟು ಸಾಕು. ಮೊದಲ ಎರಡು ವಾರ ಬಾಲಗಳು ಮಾತ್ರ, ಯಾಕೆಂದರೆ ಏನಾಗಿದೆ, ಏನು ಮಾಡಿದ್ದಾರೆ ಎಂಬುದು ಅಲ್ಲೇ ಇರುತ್ತದೆ. ಪುಸ್ತಕದಲ್ಲಿ ಮೂರು ಕಲಂ: ತುಂಡು, ಕನ್ನಡದ ಅರ್ಥ, ಅದಿರುವ ಎರಡು ಪದ. ಶನಿವಾರ ಹೆಸರು, ವಿಳಾಸ ಅಳಿಸಿದ ಒಂದು ಡಿಸ್ಚಾರ್ಜ್ ಸಾರಾಂಶ ಕೊಟ್ಟು, ಅದರ ಪದಗಳಿಗೆ ಪೆನ್ಸಿಲಿನಲ್ಲಿ ಓರೆಗೆರೆ ಎಳೆದು ಬಿಡಿಸಲು ಹೇಳಬೇಕು.

ಪರೀಕ್ಷೆಯ ಪ್ರಶ್ನೆಯೂ ಬದಲಾಗಲಿ. ‘ಕೋಲೆಸಿಸ್ಟೆಕ್ಟಮಿ ಎಂದರೇನು?’ ಎಂದು ಕೇಳಿದರೆ ಗೈಡಿನ ಸಾಲು ಉತ್ತರವಾಗಿ ಬರುತ್ತದೆ. ಅದರ ಬದಲು ಕೋಲೆ ಎಂದರೆ ಪಿತ್ತ, ಸಿಸ್ಟ್ ಎಂದರೆ ಚೀಲ ಎಂದು ಪಾಠದಲ್ಲಿ ಹೇಳಿ, ತರಗತಿಯಲ್ಲಿ ಒಮ್ಮೆಯೂ ಬರೆಯದ ‘ಕೋಲೆಸಿಸ್ಟೈಟಿಸ್’ ಅನ್ನು ಎರಡು ಅಂಕಕ್ಕೆ ಕೊಡಲಿ. ತುಂಡು ಬಿಡಿಸಿದ್ದಕ್ಕೆ ಒಂದು, ಅರ್ಥಕ್ಕೆ ಒಂದು. ಪ್ರಶ್ನೆಪತ್ರಿಕೆ ಬದಲಾದರೆ ಪಾಠವೂ ತಾನಾಗಿ ಬದಲಾಗುತ್ತದೆ.

ಇಂತಿ,
ನರ್ಸಿಂಗ್ ಮತ್ತು ಅರೆವೈದ್ಯಕೀಯ ತರಗತಿಗಳ ಕೆಲವು ಬೋಧಕರು, ದಾವಣಗೆರೆ